ಮಲ್ಪೆ, ಪಣಂಬೂರಿನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಿದರೆ ಚಿನ್ನ ಸಿಗುತ್ತಾ?

ನೀವು ಒಂದರಲ್ಲೇ ಮೂರು ಪ್ರಶ್ನೆ ಕೇಳಿದ್ದೀರಿ. ಮೆಟಲ್ ಡಿಟೆಕ್ಟರ್ ಹಿಡಿದು ಮಲ್ಪೆ, ಪಣಂಬೂರು ಬೀಚಿನಲ್ಲಿ ಭಾನುವಾರ ಹುಡುಕಿದರೆ ಹಾಕಿದ ದುಡ್ಡು ವಾಪಸ್ ಬರುತ್ತಾ? ಯಾವ ಮೆಷಿನ್ ತೆಗೆದುಕೊಳ್ಳಬೇಕು? ನೇತ್ರಾವತಿ ಮರಳಲ್ಲಿ ಚಿನ್ನ ಇದೆ ಅನ್ನುವುದು ನಿಜವಾ?

ದುಡ್ಡು ವಾಪಸ್ ಬರುವುದಿಲ್ಲ ಮಾರಾಯ್ರೇ. ಅದೊಂದು ಆಸೆ ಬಿಟ್ಟರೆ ಒಳ್ಳೆಯ ಹವ್ಯಾಸ. ನಾನು ಸುರತ್ಕಲ್ ಕಡೆಯವನು, ಟಿವಿ, ಆಂಪ್ಲಿಫೈಯರ್ ರಿಪೇರಿ ಕೆಲಸ. ದುಬೈಯಲ್ಲಿದ್ದ ಭಾವ ಊರಿಗೆ ಬರುವಾಗ ತಂದ ಮೆಷಿನ್ ಈಗ ನನ್ನ ಹತ್ತಿರ ಉಂಟು. ಅದನ್ನು ಹಿಡಿದು ತಿರುಗಿದ ಮೇಲೆ ಅರ್ಥವಾದದ್ದನ್ನು ಹೇಳುತ್ತೇನೆ.

ನೇತ್ರಾವತಿಯದ್ದು ಮೊದಲು ಮುಗಿಸಿಬಿಡೋಣ. ಕರ್ನಾಟಕದ ಚಿನ್ನ ಇರುವುದು ಘಟ್ಟದ ಮೇಲಿನ ಹಳೇ ಶಿಸ್ಟ್ ಕಲ್ಲಿನ ಪಟ್ಟಿಗಳಲ್ಲಿ. ಕೋಲಾರ, ರಾಯಚೂರಿನ ಹಟ್ಟಿ, ಗದಗದ ಕಪ್ಪತಗುಡ್ಡ, ಹೀಗೆ. ಕೋಲಾರದ ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಗಿ, ಕೊನೆಗೆ 2001ರಲ್ಲಿ ಮುಚ್ಚಿತು. ಹಟ್ಟಿ ಇನ್ನೂ ನಡೆಯುತ್ತಿದೆ. ಅಲ್ಲಿಯ ಅದಿರಿನಲ್ಲೂ ಒಂದು ಟನ್ ಕಲ್ಲಿಗೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಆ ಕಲ್ಲಿನ ಮೇಲೆ ನನ್ನ ಮೆಷಿನ್ ಇಟ್ಟರೂ ಅದು ಸುಮ್ಮನೇ ಇರುತ್ತದೆ. ಹಿಟ್ಟಿನಂಥ ಸಣ್ಣ ಚಿನ್ನ ಡಿಟೆಕ್ಟರಿಗೆ ಕೇಳುವುದಿಲ್ಲ, ಚಿನ್ನದ ಗಟ್ಟಿಯೇ ಬೇಕು. ಆಸ್ಟ್ರೇಲಿಯಾದವರ ವಿಡಿಯೋಗಳಲ್ಲಿ ಕಾಣುವುದು ಅಂಥ ಗಟ್ಟಿ ಸಿಗುವ ನೆಲ. ನಮ್ಮ ಕಡೆ ಕೇರಳದ ನಿಲಂಬೂರಿನ ಚಾಲಿಯಾರ್ ಹೊಳೆಯಲ್ಲಿ ಚಿನ್ನ ಜಾಲಿಸುವವರಿದ್ದಾರೆ. ಅದು ಮರದ ಮರಿಗೆ ಹಿಡಿದು ನೀರಲ್ಲಿ ಬಗ್ಗಿ ಮಾಡುವ ಕೆಲಸ, ಮೆಷಿನ್ ಕೆಲಸ ಅಲ್ಲ.

ಹಾಗಾದರೆ ಹೊಳೆ ಮರಳಿನಲ್ಲಿ ಹೊಂಬಣ್ಣಕ್ಕೆ ಮಿನುಗುವುದು ಎಂತ? ಹೆಚ್ಚಾಗಿ ಅಭ್ರಕ, ಅಂದರೆ ಮೈಕಾ. ಒಂದು ಚೂರನ್ನು ಉಗುರಿನ ಮೇಲಿಟ್ಟು ಸೂಜಿಯಿಂದ ಕೆದಕಿ ನೋಡಿ. ಪದರ ಪದರವಾಗಿ ಎದ್ದು ಬಂದರೆ ಮೈಕಾ. ಚಿನ್ನವಾದರೆ ಒತ್ತಿದಲ್ಲಿ ಚಪ್ಪಟೆಯಾಗುತ್ತದೆ, ಒಡೆಯುವುದಿಲ್ಲ. ಇನ್ನೊಂದು ಮಾತು: ಖನಿಜ ಹುಡುಕುವುದಕ್ಕೆ 1957ರ ಗಣಿ ಕಾಯ್ದೆ ಪ್ರಕಾರ ಸರ್ಕಾರದ ಲೈಸೆನ್ಸ್ ಬೇಕು. ಅಮೆರಿಕದಲ್ಲಿ ಮಾಡಿದ ಹಾಗೆ ಹೊಳೆ ಬದಿ ಟೆಂಟ್ ಹಾಕಿ ಕೂತುಕೊಳ್ಳಲಿಕ್ಕೆ ಇಲ್ಲಿ ಆಗುವುದಿಲ್ಲ. ಅದೂ ನೇತ್ರಾವತಿ ಬದಿಯಲ್ಲಿ ಬುಟ್ಟಿ, ಜರಡಿ ಹಿಡಿದು ಕೂತರೆ ನಿಮ್ಮನ್ನು ಮರಳು ಕದಿಯುವವರ ಲೆಕ್ಕಕ್ಕೆ ಸೇರಿಸುತ್ತಾರೆ.

ಈಗ ಬೀಚಿಗೆ ಬರೋಣ. ಇಲ್ಲಿ ಇರುವುದು ನೆಲದ ಚಿನ್ನ ಅಲ್ಲ, ಜನರ ಮೈಯಿಂದ ಜಾರಿದ ಚಿನ್ನ. ಹಾಗಾಗಿ ಜನ ಎಲ್ಲಿ ನೀರಿಗಿಳಿಯುತ್ತಾರೆ, ಎಲ್ಲಿ ವಾಲಿಬಾಲ್ ಆಡುತ್ತಾರೆ, ಎಲ್ಲಿ ಬಟ್ಟೆ ಬಿಚ್ಚಿಡುತ್ತಾರೆ ಅನ್ನುವುದನ್ನು ನೋಡಬೇಕು. ತಣ್ಣೀರಿನಲ್ಲಿ ಬೆರಳು ಸಪೂರ ಆಗುತ್ತದೆ, ಉಂಗುರ ಸಡಿಲ ಆಗುತ್ತದೆ, ತೆರೆ ಹೊಡೆದಾಗ ಕೈ ಬೀಸಿದರೆ ಹೋಯಿತು. ಮರಳಿಗಿಂತ ಇಪ್ಪತ್ತೆರಡು ಕ್ಯಾರೆಟ್ ಚಿನ್ನ ಆರು ಪಟ್ಟಿಗಿಂತ ಜಾಸ್ತಿ ಭಾರ. ತೆರೆ ಮರಳನ್ನು ಅಲುಗಾಡಿಸಿದ ಹಾಗೆ ಅದು ಕೆಳಗೆ ಕೆಳಗೆ ಇಳಿದು ಗಟ್ಟಿ ಪದರ ಸಿಕ್ಕಿದಲ್ಲಿ ನಿಲ್ಲುತ್ತದೆ. ಒಳ್ಳೆ ಮೆಷಿನ್ನಿಗೂ ಉಂಗುರ ಕೇಳುವುದು ಸುಮಾರು ಒಂದು ಅಡಿವರೆಗೆ ಮಾತ್ರ. ಎರಡಡಿ ಮರಳು ಮೇಲೆ ಬಿದ್ದರೆ ಮುಗಿಯಿತು.

ಆದ್ದರಿಂದ ಮೆಷಿನ್‌ಗಿಂತ ಮರಳು ನೋಡಲು ಕಲಿಯುವುದು ಮುಖ್ಯ. ಜೂನ್‌ನಿಂದ ಕಡಲು ನಮ್ಮ ಕಿನಾರೆಯ ಮರಳನ್ನು ಎಳೆದುಕೊಂಡು ಹೋಗಿ ಆಚೆ ದಿಬ್ಬ ಮಾಡಿ ಇಡುತ್ತದೆ. ಮಳೆಗಾಲ ಮುಗಿದ ಮೇಲೆ ಅದನ್ನೇ ನಿಧಾನಕ್ಕೆ ತಂದು ಹಾಕುತ್ತದೆ. ಕಡಲ್ಕೊರೆತ ಅಂತ ನಾವು ಬೊಬ್ಬೆ ಹಾಕುವ ಆ ಹೊತ್ತೇ ಡಿಟೆಕ್ಟರ್ ಹಿಡಿದವನಿಗೆ ಒಳ್ಳೆಯ ಹೊತ್ತು. ಮೇಲಿನ ಮರಳು ಹೋಗಿ ಹಳೇ ಪದರ ತೆರೆದಿರುತ್ತದೆ. ಹಾಗಂತ ಜುಲೈಯಲ್ಲಿ ನೀರಿನ ಅಂಚಿಗೆ ಹೋಗಬೇಡಿ. ಕೆಂಪು ಬಾವುಟ ಹಾಕಿದ್ದು ಸುಮ್ನೆ ಅಲ್ಲ. ಯಾಂತ್ರಿಕ ಮೀನುಗಾರಿಕೆ ದೋಣಿಗಳೂ ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲೇ ಇರುತ್ತವೆ. ಹೆಡ್‌ಫೋನ್ ಹಾಕಿಕೊಂಡು ತಲೆ ತಗ್ಗಿಸಿ ನಡೆಯುವವನಿಗೆ ಹಿಂದಿನಿಂದ ಬರುವ ತೆರೆ ಗೊತ್ತೇ ಆಗುವುದಿಲ್ಲ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ, ಕಡಲು ತಣ್ಣಗಾಗಿ ಮರಳು ಇನ್ನೂ ಪೂರ್ತಿ ತುಂಬದೇ ಇರುವಾಗ ಹೋಗಿ. ದಡದಲ್ಲಿ ಕತ್ತಿಯಲ್ಲಿ ಕಡಿದ ಹಾಗೆ ನೆಟ್ಟಗಿನ ಅಂಚು ಕಂಡರೆ ಅದರ ಬುಡದಲ್ಲಿ ನಿಧಾನಕ್ಕೆ ಹುಡುಕಿ. ಸೋಡಾ ಮುಚ್ಚಳ, ನಾಣ್ಯ, ಬಲೆಯ ಸೀಸ ಒಟ್ಟಿಗೇ ಒಂದು ಗೆರೆಯಲ್ಲಿ ಸಿಗಲು ಶುರುವಾಯಿತು ಅಂದರೆ ಕಡಲು ಭಾರದ ವಸ್ತುಗಳನ್ನು ಅಲ್ಲಿ ಬಿಟ್ಟಿದೆ ಅಂತ ಲೆಕ್ಕ. ಆ ಗೆರೆ ಬಿಡಬೇಡಿ.

ಇಂಗ್ಲೆಂಡಿನವರು ಇಳಿತದ ಹೊತ್ತಿಗೆ ಅರ್ಧ ಮೈಲಿ ಒಳಗೆ ನಡೆದುಕೊಂಡು ಹೋಗುವುದನ್ನು ನೋಡಿ ಆಸೆ ಪಡಬೇಡಿ. ನಮ್ಮಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಜಾಸ್ತಿ ಅಂದರೆ ಒಂದೂವರೆ ಮೀಟರ್ ಆಸುಪಾಸು. ಒದ್ದೆ ಮರಳಿನ ಪಟ್ಟಿ ಸಣ್ಣದು. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಸ್ವಲ್ಪ ಜಾಸ್ತಿ ಸಿಗುತ್ತದೆ ಅಷ್ಟೆ.

ಮೆಷಿನ್ ವಿಷಯ. ಕೋಲಿನ ತುದಿಯ ತಟ್ಟೆಯೊಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಒಂದು ಕಾಂತಕ್ಷೇತ್ರ ಬಿಡುತ್ತದೆ, ಅದರಿಂದ ಲೋಹದಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ, ಅದನ್ನು ಮೆಷಿನ್ ವಾಪಸ್ ಕೇಳಿಸಿಕೊಳ್ಳುತ್ತದೆ. ತೊಂದರೆ ಎಂತ ಅಂದರೆ ಉಪ್ಪುನೀರೂ ಕರೆಂಟ್ ಹರಿಸುತ್ತದೆ. ಐದಾರು ಸಾವಿರದ ಆನ್‌ಲೈನ್ ಮೆಷಿನ್, ಅಥವಾ ಗ್ಯಾರೆಟ್ ಏಸ್ 250ಯಂಥ ಒಂದೇ ಫ್ರೀಕ್ವೆನ್ಸಿಯ ಮೆಷಿನ್ ಒಣ ಮರಳಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಒದ್ದೆ ಮರಳಿಗೆ ಬಂದ ಕೂಡಲೇ ಸುಮ್ಮಸುಮ್ಮನೆ ಕೂಗಲು ಶುರು ಮಾಡುತ್ತದೆ. ಸೆನ್ಸಿಟಿವಿಟಿ ಇಳಿಸಿದರೆ ಕೂಗು ನಿಲ್ಲುತ್ತದೆ, ಜೊತೆಗೆ ಆಳವೂ ಹೋಗುತ್ತದೆ. ಬೀಚಿಗೆ ಅಂತಲೇ ಆದರೆ ಒಟ್ಟಿಗೇ ಹಲವು ಫ್ರೀಕ್ವೆನ್ಸಿ ಬಿಡುವ ಮೆಷಿನ್ ಬೇಕು. ಮೈನ್‌ಲ್ಯಾಬ್‌ನ ವ್ಯಾನ್‌ಕ್ವಿಶ್, ಈಕ್ವಿನಾಕ್ಸ್, ನೋಕ್ಟಾದ ಲೆಜೆಂಡ್ ಈ ಜಾತಿಯವು. ವ್ಯಾನ್‌ಕ್ವಿಶ್‌ನ ಕಾಯಿಲ್ ಮಾತ್ರ ನೀರಿಗೆ ಇಳಿಸಬಹುದು, ಮೇಲಿನ ಡಬ್ಬಿ ಒದ್ದೆ ಆಗಬಾರದು. ಪಲ್ಸ್ ಇಂಡಕ್ಷನ್ ಅನ್ನುವ ಇನ್ನೊಂದು ಬಗೆ ಉಪ್ಪು ಮರಳಿನಲ್ಲಿ ಆಳಕ್ಕೆ ಹೋಗುತ್ತದೆ. ಆದರೆ ಕಬ್ಬಿಣ ಯಾವುದು, ಚಿನ್ನ ಯಾವುದು ಅಂತ ಸರಿಯಾಗಿ ಹೇಳುವುದಿಲ್ಲ. ಮೊಳೆಗೂ ಅಗೆಯಬೇಕು, ಉಂಗುರಕ್ಕೂ ಅಗೆಯಬೇಕು.

ಕಿನಾರೆಯಲ್ಲಿ ಅಲ್ಲಲ್ಲಿ ಕಪ್ಪು ಮರಳಿನ ಪಟ್ಟೆ ನೋಡಿರಬಹುದು. ಇಲ್ಮೆನೈಟ್, ಮ್ಯಾಗ್ನೆಟೈಟ್ ಥರದ ಭಾರದ ಖನಿಜಗಳು ಅವು. ಅಯಸ್ಕಾಂತ ಹಿಡಿದರೆ ಗಡ್ಡದ ಹಾಗೆ ಅಂಟಿಕೊಳ್ಳುತ್ತದೆ. ಅಲ್ಲೂ ಮೆಷಿನ್ ಗಲಾಟೆ ಮಾಡುತ್ತದೆ, ಗ್ರೌಂಡ್ ಬ್ಯಾಲೆನ್ಸ್, ಅಂದರೆ ನೆಲದ ಖನಿಜಕ್ಕೆ ಕೂಗದ ಹಾಗೆ ಮೆಷಿನ್ ಹೊಂದಿಸುವುದನ್ನು, ಮತ್ತೊಮ್ಮೆ ಮಾಡಿಕೊಳ್ಳಬೇಕು. ಆದರೆ ಆ ಪಟ್ಟೆ ಬಿಟ್ಟು ಹೋಗಬೇಡಿ. ಭಾರದ ಮರಳು ನಿಂತಲ್ಲೇ ಭಾರದ ಉಂಗುರವೂ ನಿಲ್ಲುತ್ತದೆ.

ಇನ್ನು ಯಾವ ಲೋಹ ಅಂತ ಅಂದಾಜಿಗೆ ಮೆಷಿನ್ ತೋರಿಸುವ ನಂಬರ್ ನೋಡಿ ಅಗೆಯುತ್ತೇನೆ ಅನ್ನುವವರಿಗೆ: ಸ್ಕ್ರೀನಿನಲ್ಲಿ ಚಿನ್ನದ ಉಂಗುರ ಬರುವ ಜಾಗದಲ್ಲೇ ಅಲ್ಯುಮಿನಿಯಂ ಫಾಯಿಲ್, ಕ್ಯಾನಿನ ಕಿವಿ, ರಂಪಣಿ ಬಲೆಯ ಸೀಸದ ತುಂಡು ಎಲ್ಲ ಬರುತ್ತವೆ. ಕಸ ಬೇಡ ಅಂತ ಆ ನಂಬರುಗಳನ್ನು ಮುಚ್ಚಿದರೆ ಚಿನ್ನವನ್ನೂ ಮುಚ್ಚಿದ ಹಾಗೆ. ನಮ್ಮ ಈಗಿನ ಒಂದು, ಎರಡು ರೂಪಾಯಿ ನಾಣ್ಯ ಅಯಸ್ಕಾಂತಕ್ಕೆ ಅಂಟುವ ಸ್ಟೀಲು. ಕಬ್ಬಿಣ ಬೇಡ ಅಂತ ಸೆಟ್ ಮಾಡಿದರೆ ಅವೂ ಎಷ್ಟೋ ಸಲ ತಪ್ಪಿಹೋಗುತ್ತವೆ. ಚೈನ್ ವಿಷಯ ಇನ್ನೂ ಕಷ್ಟ. ಮೂರು ಪವನಿನ ಚೈನ್ ಆದರೂ ಮೆಷಿನ್ನಿಗೆ ಅದು ಒಂದು ವಸ್ತು ಅಲ್ಲ, ಬಿಡಿ ಬಿಡಿ ಸಣ್ಣ ಕೊಂಡಿಗಳು. ಬಿಯರ್ ಮುಚ್ಚಳ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತದೆ, ಚೈನ್ ಕೆಮ್ಮಿದಷ್ಟೇ ಸದ್ದು ಮಾಡುತ್ತದೆ. ಕರಿಮಣಿ ಕಳೆದರೆ ಮಣಿ ಗಾಜು, ಅದು ಕೇಳುವುದೇ ಇಲ್ಲ. ತಾಳಿ ಇದ್ದರೆ ಅದರ ಸದ್ದು ಹಿಡಿದೇ ಹುಡುಕಬೇಕು.

ನನಗೆ ಈ ಹವ್ಯಾಸದಲ್ಲಿ ಖುಷಿ ಕೊಡುವುದು ಕಳೆದುಕೊಂಡವರಿಗೆ ಹುಡುಕಿಕೊಡುವುದು. ಕಾಪುವಿನಲ್ಲಿ ಮದುವೆ ಫೋಟೋ ತೆಗೆಸಲು ಬಂದ ಹುಡುಗ ಉಂಗುರ ಕಳೆದುಕೊಂಡಿದ್ದ. ಎಲ್ಲಿ ಅಂದರೆ ಅವನು ಒಂದು ಕಡೆ ತೋರಿಸಿದ, ಹುಡುಗಿ ಇನ್ನೊಂದು ಕಡೆ. ಕ್ಯಾಮೆರಾದವನ ಹತ್ತಿರ ಫೋಟೋಗಳನ್ನು ಸಾಲಾಗಿ ತೋರಿಸಲು ಹೇಳಿದೆ. ಒಂದರಲ್ಲಿ ಬೆರಳಲ್ಲಿ ಉಂಗುರ ಉಂಟು, ಅವಳನ್ನು ಎತ್ತಿ ತಿರುಗಿಸಿದ ಮೇಲಿನದರಲ್ಲಿ ಇಲ್ಲ. ಆ ಫೋಟೋದಲ್ಲಿ ಲೈಟ್‌ಹೌಸ್ ಬಂಡೆಯ ಎಡ ಅಂಚಿಗೆ ಸರಿಯಾಗಿ ಕಾಣುತ್ತಿತ್ತು. ಲೈಟ್‌ಹೌಸ್ ಹಾಗೆಯೇ ಕಾಣುವವರೆಗೆ ನಡೆದೆವು, ಅಲ್ಲಿ ನಿಂತು ಕೋಲಿನಿಂದ ಚೌಕ ಗೀರಿದೆವು. ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ, ಕಾಯಿಲ್ ನೆಲಕ್ಕೆ ತಾಗುವಷ್ಟು ಹತ್ತಿರ. ಎರಡು ಮುಚ್ಚಳ, ಒಂದು ಸೇಫ್ಟಿ ಪಿನ್, ಆಮೇಲೆ ಉಂಗುರ. ತೂತಿನ ಸ್ಕೂಪಿನಲ್ಲಿ ಮರಳು ಇಳಿದುಹೋಗಿ ಅದು ತಳದಲ್ಲಿ ಟಿಂಗ್ ಅಂದಾಗ ಹುಡುಗಿಯ ಅಮ್ಮ ಮೊದಲು ಕೇಳಿದ್ದು, "ಕಲ್ಲು ಹೋಗಿಲ್ಲ ಅಲ್ವಾ?" ಹೋಗಿರಲಿಲ್ಲ.

ಸಿಕ್ಕಿದ್ದೆಲ್ಲ ನಮ್ಮದು ಅಂದುಕೊಳ್ಳಬೇಡಿ. ಯಾರೋ ಕಳೆದುಕೊಂಡ ಒಡವೆ ಸಿಕ್ಕರೆ ಮಾಲೀಕರನ್ನು ಹುಡುಕುವ ಪ್ರಯತ್ನ ಮಾಡಬೇಕು, ಪೊಲೀಸ್ ಸ್ಟೇಷನ್ನಿಗೆ ಕೊಟ್ಟರೆ ತಲೆನೋವಿಲ್ಲ. ಸುಮ್ಮನೆ ಕಿಸೆಗೆ ಹಾಕಿಕೊಂಡರೆ ಅದು ಅಪರಾಧ. ಹಳೇ ನಾಣ್ಯ, ಹೂತಿಟ್ಟ ವಸ್ತು ಸಿಕ್ಕರೆ ಬೇರೆ ಕಾನೂನು. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಅಡಗಿದ್ದ, 10 ರೂಪಾಯಿಗಿಂತ ಜಾಸ್ತಿ ಬೆಲೆಯ ವಸ್ತು ಸಿಕ್ಕರೂ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಆ ಹತ್ತು ರೂಪಾಯಿ ಬ್ರಿಟಿಷರ ಕಾಲದ ಹತ್ತು ರೂಪಾಯಿ, ಹಾಗೇ ಉಳಿದಿದೆ. ನಮ್ಮ ರಾಜ್ಯಕ್ಕೆ 1962ರ ಬೇರೆ ಕಾಯ್ದೆಯೂ ಉಂಟು. ನೂರು ವರ್ಷಕ್ಕಿಂತ ಹಳೆಯದಾದರೆ 1972ರ ಪುರಾತನ ವಸ್ತುಗಳ ಕಾಯ್ದೆ ಬರುತ್ತದೆ. ಬಾರ್ಕೂರು, ಬಸ್ರೂರಿನಂಥ ಹಳೇ ಪಟ್ಟಣಗಳ ಕಡೆ, ಕೋಟೆ, ದೇವಸ್ಥಾನ, ಬಸದಿ, ನಾಗಬನದ ಹತ್ತಿರ ಮೆಷಿನ್ ಹೊರಗೇ ತೆಗೆಯಬೇಡಿ. ನಿಧಿ ಹುಡುಕುವವರು ಅಂತ ಊರವರು ಹಿಡಿದರೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ. ಸೇಂಟ್ ಮೇರೀಸ್ ದ್ವೀಪವೂ ಬೇಡ. ಆ ಕಂಬಗಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಸೋಮೇಶ್ವರದಲ್ಲಿ, ಮಲ್ಪೆಯ ವಡಭಾಂಡೇಶ್ವರದಲ್ಲಿ ಅಮಾವಾಸ್ಯೆಗೆ ಜನ ತೀರ್ಥಸ್ನಾನ ಮಾಡುತ್ತಾರೆ, ನಾಣ್ಯ ಬಿಡುತ್ತಾರೆ. ಸೋಮೇಶ್ವರದಲ್ಲಿ ಅಸ್ಥಿಯನ್ನೂ ಬಿಡುತ್ತಾರೆ. ಅಲ್ಲಿ ನಾಣ್ಯ ಜಾಸ್ತಿ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಅದು ನಿಜ ಇರಬಹುದು. ನಾನು ಹೋಗುವುದಿಲ್ಲ. ಸತ್ತವರಿಗೆ ಅಂತ ಕೊಟ್ಟದ್ದನ್ನು ಜರಡಿ ಹಿಡಿಯುವುದು ನನಗೆ ಆಗದ ಕೆಲಸ. ಕಾನೂನು ಎಂತ ಹೇಳುತ್ತದೆ ಅನ್ನುವುದು ಇಲ್ಲಿ ಎರಡನೇ ಮಾತು.

ಪಣಂಬೂರಿನಲ್ಲಿ ಬಂದರಿನ ಕಡೆ ತಿರುಗಬೇಡಿ, ರಾತ್ರಿ ಹೋಗಬೇಡಿ. ಕತ್ತಲಲ್ಲಿ ಹೆಡ್‌ಫೋನ್, ಕೋಲು, ಲೈಟ್ ಹಿಡಿದವನನ್ನು ಕರಾವಳಿ ಕಾವಲು ಪೊಲೀಸರು ವಿಚಾರಿಸದೇ ಬಿಟ್ಟರೆ ಅದೇ ಆಶ್ಚರ್ಯ. ಹಗಲಲ್ಲೂ ಮೊದಲು ಬೀಚ್ ನೋಡಿಕೊಳ್ಳುವವರಿಗೆ, ಲೈಫ್‌ಗಾರ್ಡಿಗೆ ಹೇಳಿ ಶುರು ಮಾಡಿ. ಯಾರು ಎಲ್ಲಿ ಎಂತ ಕಳೆದುಕೊಂಡರು ಅನ್ನುವುದು ಅವರಿಗೇ ಜಾಸ್ತಿ ಗೊತ್ತಿರುತ್ತದೆ. ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ, 2024ರಲ್ಲಿ ಸಸಿಹಿತ್ಲು ಕಡೆ ಬಂದಿತ್ತು. ಅರಣ್ಯ ಇಲಾಖೆಯವರು ಬೇಲಿ ಕಟ್ಟಿದ ಕಡೆ ಸ್ಕೂಪ್ ಹಾಕಬೇಡಿ. ಅಗೆದ ಗುಂಡಿ ಮುಚ್ಚಿ, ಸಿಕ್ಕಿದ ಕಸ ಚೀಲಕ್ಕೆ ಹಾಕಿ.

ಒಂದು ಎಚ್ಚರಿಕೆ ಬಾಕಿ. "ನೂರು ಮೀಟರ್ ದೂರದಿಂದ ಚಿನ್ನ ತೋರಿಸುತ್ತದೆ" ಅಂತ ಆಂಟೆನಾ ಕಡ್ಡಿ ಇರುವ ಯಂತ್ರವನ್ನು ಲಕ್ಷಗಟ್ಟಲೆಗೆ ಮಾರಲು ಬರುವವರಿದ್ದಾರೆ. ಅಂಥದ್ದು ಇಲ್ಲ. ಇದೇ ಥರದ ಕಡ್ಡಿಯನ್ನು ಬಾಂಬ್ ಹುಡುಕುವ ಯಂತ್ರ ಅಂತ ಇರಾಕಿಗೆ ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಇಂಗ್ಲೆಂಡಿನಲ್ಲಿ ಹತ್ತು ವರ್ಷ ಜೈಲಾಯಿತು. ಒಳಗೆ ಬಿಚ್ಚಿ ನೋಡಿದರೆ ಕೆಲಸ ಮಾಡುವ ಒಂದು ಸರ್ಕ್ಯೂಟೂ ಇರಲಿಲ್ಲ.

ಹಾಗಾಗಿ ಇಷ್ಟೆಲ್ಲ ಕೇಳಿಯೂ ಆಸೆ ಇದ್ದರೆ ಮೊದಲು ಯಾರದ್ದಾದರೂ ಮೆಷಿನ್ ಒಂದು ದಿನಕ್ಕೆ ಕೇಳಿ ತನ್ನಿ. ಅಂಗಳದ ಮರಳಲ್ಲಿ ಒಂದು ಉಂಗುರ, ಒಂದು ಚೈನ್, ಒಂದು ಬಿಯರ್ ಮುಚ್ಚಳ, ಒಂದಿಷ್ಟು ಫಾಯಿಲ್ ಬೇರೆ ಬೇರೆ ಆಳದಲ್ಲಿ ಹೂಳಿ, ದಾರ ಕಟ್ಟಿ ಗುರುತು ಇಟ್ಟು, ಕಣ್ಣು ಮುಚ್ಚಿ ಸದ್ದು ಕೇಳಿ. ಆಮೇಲೆ ಅದೇ ಮರಳಿಗೆ ಒಂದು ಕೊಡ ಉಪ್ಪುನೀರು ಹೊಯ್ದು ಮತ್ತೆ ಕೇಳಿ. ಕೊಳ್ಳಬೇಕಾ ಬೇಡವಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಹೂಳುವುದಕ್ಕೆ ಮನೆಯವರ ಉಂಗುರ ತೆಗೆದುಕೊಳ್ಳುವ ಮೊದಲು ಅವರನ್ನು ಕೇಳಿ.