ತೂಕ ಎರಡರಷ್ಟು ಮಾಡಿದರೂ ವೇಗೋತ್ಕರ್ಷ ಯಾಕೆ ಎರಡರಷ್ಟಾಗಲಿಲ್ಲ?

500 ಗ್ರಾಂ ಟ್ರಾಲಿಗೆ ದಾರ ಕಟ್ಟಿ, ನೇತುಹಾಕಿದ ತೂಕವನ್ನು 100ರಿಂದ 200 ಗ್ರಾಂಗೆ ಏರಿಸಿದರೂ ವೇಗೋತ್ಕರ್ಷ (ವೇಗ ಏರುವ ದರ) ಎರಡರಷ್ಟಾಗಲಿಲ್ಲ ಅಂತ ಕೇಳಿದ್ದೀರಿ. ರಾಶಿ ಬದಲಾಗದಿದ್ದರೆ ಬಲ ಎರಡರಷ್ಟಾದಾಗ ವೇಗೋತ್ಕರ್ಷವೂ ಎರಡರಷ್ಟಾಗುತ್ತದೆ ಎಂದ ನ್ಯೂಟನ್ ತಪ್ಪಲ್ಲ, ನಿಮ್ಮ ಅಳತೆಯೂ ತಪ್ಪಿರಲಿಕ್ಕಿಲ್ಲ! ನೇತಾಡುವ ತೂಕವೂ ಟ್ರಾಲಿ ಜೊತೆಗೇ ಓಡುತ್ತದೆ, ಅಲ್ವಾ? ಬಲ ಏರಿಸುವಾಗ ಒಟ್ಟು ರಾಶಿಯೂ 600ರಿಂದ 700 ಗ್ರಾಂ ಆಯಿತು. ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೂ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 1.63 ಮೀಟರ್‌ನಿಂದ 2.8ಕ್ಕೆ ಏರುತ್ತದೆ, ಅಷ್ಟೇ.

ಎರಡರಷ್ಟಾಗುವುದನ್ನು ನೋಡಬೇಕಾದರೆ ಹೊಸ ತೂಕವನ್ನು ಹೊರಗಿಂದ ತರಬೇಡಿ. ಮೊದಲು ಒಂದು 100 ಗ್ರಾಂ ಟ್ರಾಲಿ ಮೇಲಿರಲಿ, ಇನ್ನೊಂದು ದಾರದಲ್ಲಿ. ಆಮೇಲೆ ಮೇಲಿನದನ್ನೂ ದಾರಕ್ಕೆ ಸಿಕ್ಕಿಸಿ. ಎರಡು ಸಲವೂ ಒಟ್ಟು ರಾಶಿ 700 ಗ್ರಾಂ; ವೇಗೋತ್ಕರ್ಷ ಮೊದಲು 1.4, ನಂತರ ಸರಿಯಾಗಿ ಎರಡರಷ್ಟು, 2.8.

ಘರ್ಷಣೆಯ ಕಾಟ ಬೇರೆ ಇದ್ದೇ ಇರುತ್ತದೆ. ದಾರ ಬಿಚ್ಚಿ, ಹಲಗೆಯ ಹಿಂದಿನ ತುದಿ ಸ್ವಲ್ಪ ಎತ್ತಿ. ಸುಮ್ನೆ ಬೆರಳಲ್ಲಿ ತಳ್ಳಿದರೆ ಟ್ರಾಲಿ ಒಂದೇ ವೇಗದಲ್ಲಿ ಸಾಗಬೇಕು. ಅದಕ್ಕಿಂತ ಜಾಸ್ತಿ ಎತ್ತಬೇಡಿ.