ದುಡ್ಡು ಕಂಪನಿದು, ರಿಸಲ್ಟ್ ಯಾರ್ದು?

ಪ್ರಶ್ನೆ: ನಾನು ಯೂನಿವರ್ಸಿಟೀಲಿ ಪಾಠ ಮಾಡ್ತೀನಿ, ಚಿಕ್ಕದೊಂದು ಲ್ಯಾಬ್ ಇದೆ. ಒಂದು ಕಂಪನಿಯವ್ರು ಮೂರು ವರ್ಷ ರಿಸರ್ಚ್ ಫಂಡಿಂಗ್ ಕೊಡ್ತೀವಿ, ಇಬ್ರು ಪಿಎಚ್‌ಡಿ ಸ್ಟೂಡೆಂಟ್ಸ್ ಸ್ಟೈಪೆಂಡೂ ನಮ್ದೇ ಅಂತಿದಾರೆ. ಅಗ್ರಿಮೆಂಟ್ ಕಳ್ಸಿ ಬೇಗ ಸೈನ್ ಮಾಡಿ ಅಂತ ದುಂಬಾಲು ಬಿದ್ದಿದಾರೆ. ಏನೇನು ನೋಡ್ಬೇಕು ಸರ್?

ಉತ್ತರ: ಮೇಡಂ, ದುಡ್ಡಿನ ಪುಟ ಆಮೇಲೆ ನೋಡಿದ್ರೂ ಆಗುತ್ತೆ, ಮೊದ್ಲು ಪಬ್ಲಿಕೇಶನ್ ಬಗ್ಗೆ ಇರೋ ಪ್ಯಾರಾ ಹುಡುಕಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ದೆ ಏನೂ ಪ್ರಕಟಿಸೋ ಹಾಗಿಲ್ಲ ಅಂತಿದ್ರೆ ಸೈನ್ ಮಾಡ್ಲೇಬೇಡಿ.

ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ಯೂನಿವರ್ಸಿಟೀಲಿ ಬೆಟ್ಟಿ ಡಾಂಗ್ ಅನ್ನೋ ಸಂಶೋಧಕಿಗೆ ಹೀಗೇ ಆಯ್ತು. ಸಿಂಥ್ರಾಯ್ಡ್ ಅನ್ನೋ ಥೈರಾಯ್ಡ್ ಮಾತ್ರೆ ಮಾಡೋ ಕಂಪನಿ ದುಡ್ಡಲ್ಲಿ ಅದನ್ನೂ ಬೇರೆ ಮೂರು ಮಾತ್ರೆಗಳನ್ನೂ ಹೋಲಿಸಿ ನೋಡಿದ್ರು, 1990ಕ್ಕೆ ಸ್ಟಡಿ ಮುಗೀತು, ನಾಲ್ಕೂ ಒಂದೇ ಥರ ಕೆಲ್ಸ ಮಾಡ್ತವೆ ಅಂತ ಬಂತು, ಕಂಪನಿಗೆ ಅದು ಹಿಡಿಸ್ಲಿಲ್ಲ. 1995ರಲ್ಲಿ ಅಮೆರಿಕದ ಜಾಮಾ ಅನ್ನೋ ವೈದ್ಯಕೀಯ ಜರ್ನಲಲ್ಲಿ ಇನ್ನೇನು ಅಚ್ಚಾಗ್ಬೇಕು ಅನ್ನೋವಾಗ ಪೇಪರ್ ವಾಪಸ್ ತಗೋಬೇಕಾಯ್ತು, ಯಾಕಂದ್ರೆ ಅವ್ರು ಸೈನ್ ಹಾಕಿದ್ದ ಅಗ್ರಿಮೆಂಟಲ್ಲಿ ಇದೇ ಸಾಲಿತ್ತು. ಕೊನೆಗೆ ಬೆಳಕು ಕಂಡಿದ್ದು 1997ರಲ್ಲಿ. ಅಷ್ಟು ವರ್ಷ ಆ ಮಾತ್ರೆ ನುಂಗ್ತಿದ್ದೋರಿಗೆ, ಬರೆದುಕೊಡ್ತಿದ್ದ ಡಾಕ್ಟ್ರಿಗೆ ಗೊತ್ತಾಗ್ಬೇಕಿದ್ದ ವಿಷ್ಯ ಅದು, ನೆನಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಹಾಗಂತ ಕಂಪನಿ ಕೇಳೋದೆಲ್ಲ ತಪ್ಪು ಅಂತಲ್ಲ. ಪೇಟೆಂಟ್ ಅರ್ಜಿ ಹಾಕೋ ಮುಂಚೆ ಪೇಪರ್ ಹೊರಗ್ಬಂದ್ರೆ ಯುರೋಪಲ್ಲಿ ಸಾಮಾನ್ಯವಾಗಿ ಪೇಟೆಂಟ್ ಸಿಗಲ್ಲ, ಅಮೆರಿಕದಲ್ಲಿ ಒಂದು ವರ್ಷ ವಿನಾಯ್ತಿ ಇದೆ. ಅದಕ್ಕೇ ಡ್ರಾಫ್ಟ್ ಮೊದ್ಲು ತೋರ್ಸಿ, ಓದೋಕೆ 30 ದಿನ, ಅರ್ಜಿ ಹಾಕೋದಿದ್ರೆ ಇನ್ನೊಂದಿಷ್ಟು ದಿನ ಕೊಡಿ, ಆದ್ರೆ ಎಷ್ಟು ದಿನ ಅಂತ ಅಂಕಿ ಬರೆಸ್ಕೊಳ್ಳಿ. ಅವ್ರು ಕೊಟ್ಟ ಗುಟ್ಟಿನ ಮಾಹಿತಿ ಬೇಕಾದ್ರೆ ತೆಗೀಲಿ, ನಿಮ್ಮ ರಿಸಲ್ಟ್ ತೆಗ್ಯೋ ಹಾಗಿಲ್ಲ.

ನಿಮ್ಮ ಇಬ್ರು ಸ್ಟೂಡೆಂಟ್ಸ್ ಬಗ್ಗೆ ನಂಗೆ ಇನ್ನೂ ಜಾಸ್ತಿ ಚಿಂತೆ. ಒಬ್ಬ ಹುಡ್ಗನ ವೈವಾಲಿ ನಾನೇ ಕೂತಿದ್ದೆ, ಗ್ರಾಫಿನ ಗೆರೆ ಇತ್ತು, ಪಕ್ಕದಲ್ಲಿರೋ ಅಂಕಿಗಳೆಲ್ಲ ಅಳಿಸಿದ್ದ, ಎಷ್ಟಪ್ಪಾ ಇದು ಅಂತ ಕೇಳಿದ್ರೆ "ಹೇಳೋ ಹಾಗಿಲ್ಲ ಸರ್" ಅಂತ ತಲೆ ತಗ್ಗಿಸ್ದ. ಐದು ವರ್ಷದ ಕೆಲ್ಸ ಅದು. ಥೀಸಿಸ್ ಸಲ್ಲಿಸೋದು, ವೈವಾ ನಡೆಸೋದು ಯಾವ್ದಕ್ಕೂ ನಿಲ್ಲಲ್ಲ ಅಂತ ಅಗ್ರಿಮೆಂಟಲ್ಲಿ ಪ್ರತ್ಯೇಕವಾಗಿ ಹಾಕ್ಸಿ, ಕಂಪನಿ ಮಧ್ಯದಲ್ಲಿ ಕೈ ಬಿಟ್ರೂ ಸ್ಟೈಪೆಂಡ್ ಕೋರ್ಸ್ ಮುಗಿಯೋವರ್ಗೂ ಬರ್ಬೇಕು ಅಂತನೂ.

ನೀವು ಈಗಾಗ್ಲೇ ಮಾಡಿಟ್ಟಿರೋ ಡೇಟಾ, ಕೋಡ್, ಸ್ಯಾಂಪಲ್ ಪಟ್ಟಿ ಮಾಡಿ ಜೊತೆಗೆ ಲಗತ್ತಿಸಿ, ಇಲ್ಲಾಂದ್ರೆ ನಾಳೆ ಅದೂ ಪ್ರಾಜೆಕ್ಟ್‌ದೇ ಅಂತಾರೆ. ಓವರ್‌ಹೆಡ್, ಅಂದ್ರೆ ಕರೆಂಟು, ಕಟ್ಟಡ, ಆಫೀಸಿನ ಖರ್ಚಿಗೆ ಯೂನಿವರ್ಸಿಟಿ ತಗೊಳ್ಳೋ ಪಾಲು, ಅದರ ವಿಚಾರ ನಿಮ್ಮ ಫೈನಾನ್ಸ್ ಆಫೀಸ್ ನೋಡ್ಕೊಳ್ಳುತ್ತೆ. ಹೋಲಿಸೋಕೆ ಬ್ರಿಟನ್ನಿನ ಲ್ಯಾಂಬರ್ಟ್ ಮಾದರಿ ಅಗ್ರಿಮೆಂಟ್‌ಗಳಿವೆ, 2005ರಿಂದ ಬಳಕೇಲಿವೆ, ರಿಸಲ್ಟ್ ಮೇಲಿನ ಹಕ್ಕು ಯೂನಿವರ್ಸಿಟಿಗೆ ಉಳಿಯೋದು, ಕಂಪನಿಗೆ ಹೋಗೋದು ಎರಡೂ ಥರದ್ದಿವೆ, ನೆಟ್ಟಲ್ಲಿ ಪುಕ್ಕಟೆ ಸಿಗುತ್ತೆ. ಅದನ್ನ ಪಕ್ಕದಲ್ಲಿಟ್ಕೊಂಡು ಅವ್ರು ಕಳ್ಸಿರೋದನ್ನ ಸಾಲು ಸಾಲಾಗಿ ಓದಿ, ಆ ಇಬ್ರನ್ನೂ ಜೊತೇಲಿ ಕೂರಿಸ್ಕೊಂಡೇ ಓದಿ.