ಪ್ಯಾಟ್ರಿಕ್ ಹೆನ್ರಿಯ ಭಾಷಣ, ಪ್ಯಾಟ್ರಿಕ್ ಹೆನ್ರಿಯ ಕಾಗದ

ಮೇಷ್ಟ್ರೇ,

ಅಮೆರಿಕದ ಸ್ವಾತಂತ್ರ್ಯ ಹೋರಾಟದ ಮುಂದಾಳು ಪ್ಯಾಟ್ರಿಕ್ ಹೆನ್ರಿ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ‘ಸ್ವಾತಂತ್ರ್ಯ ಕೊಡಿ, ಇಲ್ಲವೇ ಸಾವು ಕೊಡಿ’ ಎಂಬ ಆತನ ಭಾಷಣವನ್ನು ಸ್ಪರ್ಧೆಗೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದಿರಿ. ಒಬ್ಬ ಹುಡುಗಿ ಎದ್ದು ನಿಂತು, ‘ಇವರ ಮನೇಲೇ ಗುಲಾಮರಿದ್ರಂತಲ್ಲ ಸಾರ್?’ ಎಂದಳು. ಏನು ಹೇಳಲಿ ಎಂದು ಕೇಳಿದ್ದೀರಿ. ಮೊದಲು ಆ ಹುಡುಗಿಗೆ ನನ್ನ ಶಹಭಾಸ್ ತಿಳಿಸಿ. ನಮ್ಮ ಲೇಖನ ಆ ವಿಷಯವನ್ನೇ ಎತ್ತಿರಲಿಲ್ಲ. ಅದು ನಮ್ಮ ತಪ್ಪು.

ಹೆನ್ರಿಯ ನಾಲಿಗೆಗೆ ಶಕ್ತಿಯಿತ್ತು, ಅದರಲ್ಲಿ ಅನುಮಾನವಿಲ್ಲ. ಅಂಗಡಿ ಇಟ್ಟು ಸೋತ, ಬೇಸಾಯದ ಮನೆ ಸುಟ್ಟುಹೋಯಿತು, ಮಾವನ ಪಾನಗೃಹದಲ್ಲಿ ಗಿರಾಕಿಗಳನ್ನು ನೋಡಿಕೊಂಡ. ತಾನೇ ಓದಿಕೊಂಡು 1760ರಲ್ಲಿ ವಕೀಲನಾದ. ಮೂರೇ ವರ್ಷಕ್ಕೆ ಹೆಸರು ಬಂತು. ಆತನ ಊರು ವರ್ಜೀನಿಯಾ ಆಗ ಅಮೆರಿಕದಲ್ಲಿದ್ದ ಬ್ರಿಟಿಷ್ ವಸಾಹತು. ಅಲ್ಲಿನ ಪಾದ್ರಿಗಳಿಗೆ ಸಂಬಳ ತಂಬಾಕಿನಲ್ಲಿ, ವರ್ಷಕ್ಕೆ 16,000 ಪೌಂಡ್ ತೂಕ. ಬೆಳೆ ಕೈಕೊಟ್ಟು ತಂಬಾಕಿನ ಬೆಲೆ ಏರಿದಾಗ, ಪೌಂಡಿಗೆ ಎರಡು ಪೆನ್ನಿಯಂತೆ ದುಡ್ಡು ಕೊಟ್ಟರೆ ಸಾಕು ಎಂದು ಅಲ್ಲಿನ ಶಾಸನಸಭೆ ಕಾಯಿದೆ ಮಾಡಿತು. ಇಂಗ್ಲೆಂಡಿನ ದೊರೆ ಅದನ್ನು ತಳ್ಳಿಹಾಕಿದ. ಒಬ್ಬ ಪಾದ್ರಿ ಬಾಕಿಗಾಗಿ ದಾವೆ ಹೂಡಿದರು. ಜನರಿಗೆ ಒಳಿತಾಗುವ ಕಾಯಿದೆಯನ್ನು ರದ್ದು ಮಾಡುವ ದೊರೆ ನಿರಂಕುಶನಾಗುತ್ತಾನೆ ಎಂದು ಪಾದ್ರಿಯ ವಿರುದ್ಧ ಹೆನ್ರಿ ವಾದಿಸಿದಾಗ ‘ರಾಜದ್ರೋಹ’ ಎಂಬ ಕೂಗೆದ್ದಿತು. ಜ್ಯೂರಿ ಪಾದ್ರಿಗೆ ಕೊಡಿಸಿದ ಪರಿಹಾರ ಒಂದೇ ಒಂದು ಪೆನ್ನಿ!

ನಿಮ್ಮ ಮಕ್ಕಳು ಕಲಿತ ಭಾಷಣ 1775ರ ಮಾರ್ಚ್ 23ರದು. ಬ್ರಿಟಿಷರೆದುರು ಸೇನೆ ಕಟ್ಟಬೇಕೆ ಎಂಬ ಚರ್ಚೆ ರಿಚ್ಮಂಡಿನ ಸೇಂಟ್ ಜಾನ್ಸ್ ಚರ್ಚಿನಲ್ಲಿ ನಡೆದಿತ್ತು. ಹೆನ್ರಿ ಆಡಿದ ಮಾತನ್ನು ಅಲ್ಲಿ ಯಾರೂ ಬರೆದುಕೊಳ್ಳಲಿಲ್ಲ. ನಮಗೆ ಸಿಕ್ಕಿರುವ ಪಠ್ಯ, ಕೇಳಿದವರ ನೆನಪುಗಳನ್ನು ಕಲೆಹಾಕಿ ವಿಲಿಯಂ ವರ್ಟ್ 1817ರಲ್ಲಿ ಜೀವನಚರಿತ್ರೆಯೊಂದರಲ್ಲಿ ಅಚ್ಚು ಹಾಕಿಸಿದ್ದು. ಅಷ್ಟರಲ್ಲಿ 42 ವರ್ಷ ಕಳೆದಿತ್ತು, ಹೆನ್ರಿ ತೀರಿಕೊಂಡೇ 18 ವರ್ಷವಾಗಿತ್ತು. ಪದಪದವೂ ಆತನದೇ ಎಂದು ನಾನು ಹೇಳಲಾರೆ.

ಆದರೆ ಆತನೇ ಕೈಯಾರೆ ಬರೆದ ಕಾಗದವೊಂದಿದೆ. 1773ರ ಜನವರಿ 18ರಂದು ರಾಬರ್ಟ್ ಪ್ಲೆಸೆಂಟ್ಸ್ ಎಂಬ, ಕ್ವೇಕರ್ ಎಂಬ ಕ್ರೈಸ್ತ ಪಂಥದವರಿಗೆ ಬರೆದದ್ದು. ಪ್ಲೆಸೆಂಟ್ಸ್ ಗುಲಾಮರ ವ್ಯಾಪಾರವನ್ನು ಖಂಡಿಸುವ ಪುಸ್ತಕವೊಂದನ್ನು ಕಳಿಸಿದ್ದರು. ಅದಕ್ಕೆ ಉತ್ತರವಾಗಿ ಹೆನ್ರಿ ಬರೆಯುತ್ತಾನೆ: ನಾನೇ ದುಡ್ಡು ಕೊಟ್ಟು ಕೊಂಡ ಗುಲಾಮರಿಗೆ ನಾನು ಒಡೆಯ ಎಂದರೆ ಯಾರಾದರೂ ನಂಬುತ್ತಾರೆಯೇ? ಅವರಿಲ್ಲದೆ ಬದುಕುವುದು ಅನನುಕೂಲ, ಅದಕ್ಕೇ ಹೀಗೆ ಸಾಗಿದ್ದೇನೆ. ಇದನ್ನು ಸಮರ್ಥಿಸಿಕೊಳ್ಳುವುದಿಲ್ಲ, ಸಮರ್ಥಿಸಿಕೊಳ್ಳಲಾರೆ.

‘ಅನನುಕೂಲ’ ಎಂಬ ಆ ಪದದ ಮುಂದೆ ನಾನು ಎಷ್ಟೋ ಹೊತ್ತು ಕೂತಿದ್ದೇನೆ. ತಪ್ಪೆಂದು ಗೊತ್ತಿಲ್ಲದೆ ಮಾಡಿದವನಲ್ಲ ಈತ. ಗೊತ್ತಿತ್ತು, ಬರೆದೂ ಇಟ್ಟ, ಆದರೂ ಬಿಡಲಿಲ್ಲ. 1799ರಲ್ಲಿ ಸಾಯುವಾಗಲೂ ಆತನ ಒಡೆತನದಲ್ಲಿ ಅರವತ್ತಕ್ಕೂ ಹೆಚ್ಚು ಗುಲಾಮರಿದ್ದರು. ಆ ಕಾಲವೇ ಹಾಗಿತ್ತು ಎಂಬ ಸಮಾಧಾನವನ್ನು ದಯವಿಟ್ಟು ಆ ಹುಡುಗಿಗೆ ಹೇಳಬೇಡಿ. ಪುಸ್ತಕ ಕಳಿಸಿದ ಪ್ಲೆಸೆಂಟ್ಸ್ ಕೂಡ ಅದೇ ಕಾಲದವರು, ಅದೇ ವರ್ಜೀನಿಯಾದವರು.

ಹಾಗೆಂದು ಆತನನ್ನು ಪಾಠದಿಂದ ತೆಗೆಯಿರಿ ಎನ್ನಲು ನನಗೆ ಮನಸ್ಸಿಲ್ಲ. ಸ್ವತಂತ್ರ ವರ್ಜೀನಿಯಾದ ಮೊದಲ ಗವರ್ನರ್ ಆದವನು 1788ರಲ್ಲಿ, ಅಮೆರಿಕದ ಹೊಸ ಸಂವಿಧಾನವನ್ನು ಒಪ್ಪಬೇಕೆ ಎಂದು ವರ್ಜೀನಿಯಾದಲ್ಲಿ ಸೇರಿದ ಸಭೆಯಲ್ಲಿ, ಅದರ ವಿರುದ್ಧವೇ ನಿಂತ. ಪ್ರಜೆಗಳ ಹಕ್ಕುಗಳು ಅದರಲ್ಲಿ ಎಲ್ಲಿವೆ ಎಂದು ದಿನಗಟ್ಟಲೆ ಕೇಳಿದ. ಮತ ಎಣಿಸಿದಾಗ 89ಕ್ಕೆ 79ರಿಂದ ಸೋತ. 1791ರಲ್ಲಿ ಹಕ್ಕುಗಳ ಹತ್ತು ತಿದ್ದುಪಡಿಗಳು ಬಂದದ್ದರ ಹಿಂದೆ ಇಂಥವರ ಒತ್ತಡವಿತ್ತು. ಆದರೆ ಅದೇ ಸಭೆಯಲ್ಲಿ ಆತ ಇನ್ನೊಂದು ಭಯವನ್ನೂ ಹೇಳಿದ್ದಾನೆ: ಈ ಸಂವಿಧಾನ ಬಂದರೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ಗುಲಾಮರನ್ನು ಬಿಡುಗಡೆ ಮಾಡಿಬಿಟ್ಟೀತು ಎಂದು. ಹಕ್ಕು ಕೇಳಿದ ಬಾಯೇ ಈ ಮಾತನ್ನೂ ಆಡಿತು.

ಭಾಷಣ ಬಾಯಿಪಾಠ ಆಗಲಿ, ಮೇಷ್ಟ್ರೇ. ಜೊತೆಗೆ ಆ ಕಾಗದವನ್ನೂ ಓದಿಸಿ. ಮುಂದಿನ ಸಂಚಿಕೆಯಲ್ಲಿ ಅದರ ಕನ್ನಡ ಅನುವಾದ ಹಾಕುತ್ತೇವೆ. ಸ್ಪರ್ಧೆಗೆ ಮುಂಚೆಯೇ ನಿಮ್ಮ ಶಾಲೆಗೆ ಒಂದು ಪ್ರತಿ ಬರುತ್ತದೆ. ವೇದಿಕೆಯ ಮೇಲೆ ಅದನ್ನು ಓದಲು ಆ ಹುಡುಗಿಗೇ ಹೇಳಿ.

– ಸಂಪಾದಕ